ಕಲಾಯಿಯಿಂದ ಸೆರಾಮಿಕ್ ಕೋಟಿಂಗ್‌ವರೆಗೆ: ಹೊಸ ಕಾರಿನ ಹೊಳಪಿಗೊಂದು ಹಳೇ ಕಥೆ

ಮಾರ್ಕೋನಹಳ್ಳಿ ಕಡೆಯವರಿಗೆ ಎಡೆಯೂರು ದೂರವೇನಲ್ಲ. ಹೊಸ ಕಾರು ತಂದವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಅಲ್ಲಿನ ಸಿದ್ಧಲಿಂಗೇಶ್ವರ ಸ್ವಾಮಿ ಸನ್ನಿಧಿಗೆ. ಬಾನೆಟ್ ಮೇಲೆ ಅರಿಶಿನ ಕುಂಕುಮ, ಮುಂದೆ ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಕರ್ಪೂರ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿದರೆ ಪೂಜೆ ಮುಗಿಯಿತು. ಗಾಡಿಗೂ ಮನೆಯವರಿಗೂ ಏನೂ ಆಗದಿರಲಿ ಅನ್ನುವುದಷ್ಟೇ ಆ ಹೊತ್ತಿನ ಬೇಡಿಕೆ.

ಆದರೆ ಅದಕ್ಕೂ ಮುಂಚೆ ಶೋರೂಮಿನಲ್ಲಿ ಇನ್ನೊಂದು ಪೂಜೆ ನಡೆದಿರುತ್ತದೆ. "ಸಾರ್, ಟೆಫ್ಲಾನ್ ಕೋಟಿಂಗ್ ಹಾಕಿಸಿಬಿಡಿ. ಸೆರಾಮಿಕ್ ಆದರೆ ಇನ್ನೂ ಒಳ್ಳೇದು. ಅಂಡರ್‌ಬಾಡಿ ಕೋಟಿಂಗ್ ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ." ಕಾರಿನ ಸಂಭ್ರಮದಲ್ಲಿ ಇರುವವರು ಹೂಂ ಅನ್ನುತ್ತಾರೆ. ಬಿಲ್ಲಿನಲ್ಲಿ ಹತ್ತು ಸಾವಿರವೋ, ಇಪ್ಪತ್ತು ಸಾವಿರವೋ, ಇನ್ನೂ ಹೆಚ್ಚೋ ಸೇರಿಕೊಳ್ಳುತ್ತದೆ. ತೆಂಗಿನಕಾಯಿ ಮಾರಿದ ದುಡ್ಡು, ಹಾಲಿನ ಡೇರಿಯ ಬಟವಾಡೆ, ಬ್ಯಾಂಕ್ ಸಾಲ ಎಲ್ಲ ಸೇರಿಸಿ ಟ್ಯಾಕ್ಸಿಗೆಂದು ಕಾರು ತಂದ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ.

ಈ ಕೋಟಿಂಗ್ ಅನ್ನುವುದು ಎಲ್ಲಿಂದ ಬಂತು? ಯಾವುದು ಏನನ್ನು ಕಾಯುತ್ತದೆ? ಇದರ ಚರಿತ್ರೆ ಗೊತ್ತಿದ್ದರೆ ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಬೇಡ ಅನ್ನಬೇಕು ಎನ್ನುವುದು ತಾನಾಗೇ ತಿಳಿಯುತ್ತದೆ.

ಅಜ್ಜಿ ಕಾಲದ ಕೋಟಿಂಗ್

ಒಂದು ವಸ್ತುವನ್ನು ಕಾಪಾಡಲು ಅದರ ಮೇಲೆ ಇನ್ನೊಂದು ವಸ್ತುವಿನ ತೆಳು ಪದರ ಹಚ್ಚುವುದು ನಮಗೆ ಹೊಸದಲ್ಲ. ಕಲಾಯಿ ಹಾಕುವವರು ಊರಿಗೆ ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನೆಲದಲ್ಲಿ ಗುಂಡಿ ತೋಡಿ, ತಿದಿ ಊದಿ ಇದ್ದಿಲು ಕೆಂಡ ಮಾಡಿ, ಹಿತ್ತಾಳೆ ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಬೆಳಕು. ಅದು ಚೆಂದಕ್ಕಲ್ಲ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಊಟ ವಿಷವಾಗುತ್ತದೆ. ತವರದ ಪದರ ಹುಳಿಗೂ ತಾಮ್ರಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತಿತ್ತು.

ಹರಿಗೋಲು ನೋಡಿ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ನೀರು ಒಳಗೆ ಬರಬಾರದು, ಅಷ್ಟೇ. ತೊಲೆಗೆ ಗೆದ್ದಲು ಹತ್ತದಿರಲಿ ಎಂದು ಗೇರೆಣ್ಣೆ, ಗಾಡಿ ಅಚ್ಚು ಸವೆಯದಿರಲಿ ಎಂದು ಕೀಲೆಣ್ಣೆ. ಪ್ರತಿಯೊಂದು ಲೇಪಕ್ಕೂ ಒಬ್ಬ ಗೊತ್ತಾದ ಶತ್ರು ಇದ್ದ. ಕೀಲೆಣ್ಣೆಯನ್ನು ತೊಲೆಗೆ ಯಾರೂ ಬಳಿಯುತ್ತಿರಲಿಲ್ಲ.

ಈ ಗೋಡೆಯ ಉಪಾಯದ ಜೊತೆಗೆ ಇನ್ನೊಂದು ಉಪಾಯವೂ ಇದೆ. ಕಬ್ಬಿಣದ ತಗಡಿಗೆ ಸತುವಿನ ಪದರ ಕೊಡುವುದು. ಫ್ರಾನ್ಸಿನ ಸೋರೆಲ್ ಎಂಬಾತ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ದನದ ಕೊಟ್ಟಿಗೆಯ ಜಿಂಕ್ ಶೀಟು, ಬಾವಿಕಟ್ಟೆಯ ಬಕೆಟ್ಟು ಎರಡೂ ಇದೇ ಜಾತಿ. ಇಲ್ಲಿ ಸತು ಬರೀ ಗೋಡೆಯಲ್ಲ. ಅಲ್ಲೊಂದು ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಮನೆಯ ಹಿರಿಮಗನ ಹಾಗೆ, ಪೆಟ್ಟು ಮೊದಲು ತನ್ನ ಮೇಲೆ ಹಾಕಿಕೊಳ್ಳುತ್ತದೆ.

ಕಬ್ಬಿಣಕ್ಕೆ ಇಷ್ಟೊಂದು ಕಾವಲು ಯಾಕೆ? ಅದು ಮಣ್ಣಿನಿಂದ ಬಂದದ್ದು, ಮಣ್ಣಿಗೇ ಹೋಗಲು ನೋಡುತ್ತದೆ. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆ ಅಗೆಯುವ ಕೆಂಪು ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ವಸ್ತು. ಅದನ್ನು ಕುಲುಮೆಯಲ್ಲಿ ಬೇರ್ಪಡಿಸಿ ಉಕ್ಕು ಮಾಡುತ್ತೇವೆ. ಗಾಳಿ, ನೀರು ಎರಡೂ ಸಿಕ್ಕಿದರೆ ಅದು ಮತ್ತೆ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ತುಕ್ಕು ಎಂದರೆ ಇದೇ. ಕಾರಿನ ಪೇಂಟಿನ ಮೊದಲ ಕೆಲಸ ಚೆಂದ ಕಾಣಿಸುವುದಲ್ಲ, ಗಾಳಿ ನೀರನ್ನು ಉಕ್ಕಿನ ಹತ್ತಿರ ಬಿಡದಿರುವುದು.

ಅರಗು, ಅರಸ, ಶಾಯಿ

ನಮ್ಮ ಸೀಮೆಯ ಲೇಪಗಳಲ್ಲಿ ದೊಡ್ಡ ಹೆಸರು ಅರಗಿನದು. ಸಣ್ಣದೊಂದು ಹುಳ ಮರದ ಕೊಂಬೆಯ ಮೇಲೆ ಕೂತು, ರಸ ಹೀರಿ, ಮೈಮೇಲೆ ಅಂಟು ಸುರಿಸಿಕೊಂಡು ಗೂಡು ಮಾಡಿಕೊಳ್ಳುತ್ತದೆ. ಆ ಅಂಟೇ ಅರಗು. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ಬಣ್ಣ, ಕಾವಲು, ಹೊಳಪು ಮೂರೂ ಒಂದೇ ಪದರದಲ್ಲಿ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಒಂದು ಕಾರ್ಖಾನೆ ಶುರು ಮಾಡಿಸಿದರು. ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಎಂದರೆ ಇದೇ ಅರಗು. ಸಂಸ್ಥಾನದ ಕಾಡಿನಲ್ಲಿ ಸಿಗುತ್ತಿದ್ದ ಅರಗಿನಿಂದ ಮೊಹರಿನ ಅರಗು, ಬಣ್ಣ, ವಾರ್ನಿಷ್ ಮಾಡುವುದು ಅದರ ಕೆಲಸ. ಶಿಂಷಾ ನದಿಗೆ ಮಾರ್ಕೋನಹಳ್ಳಿ ಅಣೆಕಟ್ಟೆ ಕಟ್ಟಿಸಿದ್ದೂ ಇದೇ ಅರಸರು. ನೀರು ಮಟ್ಟ ಮೀರಿದರೆ ತನ್ನಷ್ಟಕ್ಕೆ ತಾನೇ ಹೊರಗೆ ಹರಿಸುವ ಸೈಫನ್ ಇರುವ ಕಟ್ಟೆ ಅದು. ನೀರಾವರಿಯನ್ನೂ ಕಾರ್ಖಾನೆಯನ್ನೂ ಒಟ್ಟಿಗೆ ಯೋಚಿಸುತ್ತಿದ್ದ ಕಾಲ.

ಆ ಕಾರ್ಖಾನೆ ಈಗಲೂ ಇದೆ. 1947ರಲ್ಲಿ ಸರ್ಕಾರಿ ವಲಯಕ್ಕೆ ಬಂತು, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು ಬದಲಾಯಿತು. ನಿಮ್ಮಲ್ಲಿ ಓಟು ಹಾಕಿದ ಎಲ್ಲರ ಬೆರಳಿನ ಮೇಲೂ ಅದರ ಗುರುತು ಬಿದ್ದಿದೆ. 1962ರ ಚುನಾವಣೆಯಿಂದ ಓಟಿನ ಶಾಯಿ ಮಾಡುತ್ತಿರುವುದು ಇದೇ ಸಂಸ್ಥೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಬರೀ ಕೂರುವುದಿಲ್ಲ, ಚರ್ಮದೊಂದಿಗೇ ಬೆರೆತುಬಿಡುತ್ತದೆ. ಅದಕ್ಕೇ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮೇಲೆ ಕೂರುವ ಪದರ ಬೇರೆ, ಬೆರೆತು ಹಿಡಿಯುವ ಪದರ ಬೇರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಕಾರಿಗೂ ಬೇಕಾಗುತ್ತದೆ.

ಇದೇ 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ಎಂಬ ರಸಾಯನ ವಿಜ್ಞಾನಿ ಪಾಲಿಯುರೆಥೇನ್ ಎಂಬ ಹೊಸ ವಸ್ತು ಮಾಡುವ ದಾರಿ ಕಂಡುಕೊಂಡ. ಮೈಸೂರಿನಲ್ಲಿ ಹುಳದ ಅರಗಿನ ಕಾರ್ಖಾನೆ ಬಾಗಿಲು ತೆರೆದ ವರ್ಷವೇ ಅರಗನ್ನು ಹಿಂದೆ ಹಾಕುವ ವಸ್ತುಗಳಲ್ಲೊಂದು ಹುಟ್ಟಿತು. ಇಂದು ಕಾರಿನ ಮೇಲ್ಪದರದಲ್ಲೂ, ಮೇಲೆ ಅಂಟಿಸುವ ಫಿಲ್ಮಿನಲ್ಲೂ ಇರುವುದು ಅದರ ಮನೆತನವೇ.

ಗ್ಯಾರೇಜಿನ ಬಾಯಲ್ಲಿ ಉಳಿದ 'ಡ್ಯೂಕೋ'

ಮೊದಮೊದಲ ಕಾರುಗಳಿಗೆ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಎಣ್ಣೆ ವಾರ್ನಿಷನ್ನೇ ಬಳಿಯುತ್ತಿದ್ದರು. ಬ್ರಷ್ಷಿನಲ್ಲಿ ಒಂದು ಕೋಟು, ಒಣಗಲು ಕಾಯುವುದು, ಉಜ್ಜುವುದು, ಮತ್ತೊಂದು ಕೋಟು. ಒಂದು ಕಾರು ಬಣ್ಣ ಕಂಡು ಹೊರಬರಲು ವಾರಗಳೇ ಹಿಡಿಯುತ್ತಿದ್ದವು. ಅಮೆರಿಕದ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ. ಅದು ಅಗ್ಗ, ಬಾಳಿಕೆಯೂ ಚೆನ್ನಾಗಿತ್ತು.

1923ರಲ್ಲಿ ಡುಪಾಂಟ್ ಕಂಪನಿ 'ಡ್ಯೂಕೋ' ಎಂಬ ಹೊಸ ಬಣ್ಣ ತಂದಿತು. ಅದರ ಮೂಲ ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಮಾಡಿದ ವಸ್ತು. ಹೊಗೆಯಿಲ್ಲದ ಬಂದೂಕಿನ ಮದ್ದೂ ಇದೇ ಜಾತಿಯದು. ಸ್ಪ್ರೇ ಮಾಡಿದರೆ ನೋಡನೋಡುತ್ತ ಒಣಗುತ್ತಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಜನರಲ್ ಮೋಟರ್ಸ್‌ನವರು 1924ರ ಓಕ್‌ಲ್ಯಾಂಡ್ ಕಾರಿಗೆ ನೀಲಿ ಡ್ಯೂಕೋ ಹೊಡೆದು ಬೀದಿಗೆ ಬಿಟ್ಟರು. ಬಣ್ಣದ ಕಾರು ಎಲ್ಲರ ಆಸೆಯಾಯಿತು.

ಆ ಹೆಸರು ನಮ್ಮ ಗ್ಯಾರೇಜುಗಳಿಗೂ ಬಂತು. ಇವತ್ತಿಗೂ ಪೇಂಟರುಗಳು "ಡ್ಯೂಕೋ ಪೇಂಟ್ ಹೊಡೀಬೇಕಾ?" ಎಂದು ಕೇಳುತ್ತಾರೆ. ಬೀರು, ಸೈಕಲ್ಲು, ಮಂಚ ಯಾವುದಕ್ಕೇ ಸ್ಪ್ರೇ ಮಾಡಿದರೂ ಅದು ಡ್ಯೂಕೋ. ನೂರು ವರ್ಷ ಹಳೆಯ ಒಂದು ಕಂಪನಿಯ ಬ್ರ್ಯಾಂಡು ನಮ್ಮ ಬಾಯಲ್ಲಿ ಕಸುಬಿನ ಹೆಸರಾಗಿಬಿಟ್ಟಿದೆ.

ಡ್ಯೂಕೋಗೆ ಒಂದು ಕೊರತೆ ಇತ್ತು. ಬಿಸಿಲಿಗೆ ಬೇಗ ಮಂಕಾಗುತ್ತಿತ್ತು. ಉಜ್ಜಿ ಉಜ್ಜಿ ಹೊಳಪು ತರಬೇಕಿತ್ತು, ಮೇಲೆ ಮೇಣ ಹಚ್ಚಬೇಕಿತ್ತು. ಕಾರಿಗೆ ಪಾಲಿಶ್, ವ್ಯಾಕ್ಸ್ ಎಂಬ ವ್ಯಾಪಾರ ಬೆಳೆದದ್ದು ಹೀಗೆ. ಒಳ್ಳೆಯ ವ್ಯಾಕ್ಸ್ ಎಂದು ಹೆಸರಾದದ್ದು ಕಾರ್ನೌಬಾ. ಬ್ರೆಜಿಲ್ ದೇಶದ ಒಣ ಸೀಮೆಯಲ್ಲಿ ಬೆಳೆಯುವ, ನಮ್ಮ ತೆಂಗು ಈಚಲಿನ ದಾಯಾದಿಯಂಥ ಒಂದು ಮರದ ಗರಿಯ ಮೇಲಿನ ಮೇಣ ಅದು. ಬಿಸಿಲಿಗೆ ನೀರು ಆರಿಹೋಗದಿರಲಿ ಎಂದು ಆ ಮರ ತನ್ನ ಗರಿಗೆ ತಾನೇ ಕೊಟ್ಟುಕೊಂಡ ಕೋಟಿಂಗ್. ಮನುಷ್ಯ ಅದನ್ನು ಕೆರೆದು ಕಾರಿಗೆ ಹಚ್ಚಿದ.

ಅಂದರೆ ಕಾರಿನ ಮೇಲೆ ಇನ್ನೊಂದು ರಕ್ಷಣೆಯ ಪದರ ಬೇಕು ಎಂಬ ಅಭ್ಯಾಸ ಶುರುವಾದದ್ದು ಹಳೇ ಬಣ್ಣದ ಕೊರತೆಯಿಂದ. ಆ ಬಣ್ಣ ಹೋಗಿ ದಶಕಗಳೇ ಆದವು. ಅಭ್ಯಾಸ ಮಾತ್ರ ಉಳಿಯಿತು.

ತುಕ್ಕೇ ಹಿಡಿಯದ ಬೆಂಗಳೂರಿನ ಕಾರುಗಳು

ಅಂಬಾಸಿಡರ್, ಫಿಯಟ್ ಕಾಲದವರಿಗೆ ಕೇಳಿ ನೋಡಿ. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಮಡ್ಗಾರ್ಡು, ಕಾಲಿಡುವ ನೆಲ, ಮೊದಲು ತೂತು ಬೀಳುತ್ತಿದ್ದದ್ದು ಇವೇ. ಇಂಜಿನ್ ಗಟ್ಟಿಯಿದ್ದರೂ ಬಾಡಿ ಕೈಕೊಡುತ್ತಿತ್ತು. ತಗಡು ಕತ್ತರಿಸಿ ವೆಲ್ಡ್ ಮಾಡಿ, ಪುಟ್ಟಿ ಮೆತ್ತಿ, ಮೇಲೆ ಡ್ಯೂಕೋ ಹೊಡೆಯುವ ಟಿಂಕರಿಂಗ್ ಕೆಲಸದಿಂದಲೇ ಎಷ್ಟೋ ಸಂಸಾರ ನಡೆದವು.

ಈ ತೊಂದರೆಗೆ ಬೆಂಗಳೂರು ಎರಡು ಸಲ ಬೇರೆಯದೇ ಉತ್ತರ ಕೊಟ್ಟಿತು. ಸಿಪಾನಿ ಆಟೋಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಬಾಡಿ ಫೈಬರ್ ಗ್ಲಾಸಿನದು. ಕಬ್ಬಿಣದ ತಗಡೇ ಇಲ್ಲದ ಮೇಲೆ ಬಾಡಿಗೆ ತುಕ್ಕು ಎಲ್ಲಿಂದ? ಆದರೆ 1983ರ ಕೊನೆಗೆ ಮಾರುತಿ 800 ಬಂತು, ಡಾಲ್ಫಿನ್ ಅದರ ಮುಂದೆ ನಿಲ್ಲಲಿಲ್ಲ. ಆಮೇಲೆ 2001ರಲ್ಲಿ ಬೊಮ್ಮಸಂದ್ರದಿಂದ ರೇವಾ ಎಂಬ ಕರೆಂಟ್ ಕಾರು ಹೊರಬಂತು. ಅದರ ಹೊರಮೈ ಪ್ಲಾಸ್ಟಿಕ್ಕಿನದು, ಬಣ್ಣ ಪ್ಲಾಸ್ಟಿಕ್ಕಿನ ಒಳಗೇ ಬೆರೆತಿತ್ತು. ನಮ್ಮ ಪ್ಲಾಸ್ಟಿಕ್ ಬಿಂದಿಗೆಯ ಹಾಗೆ, ಗೀಚಿದರೂ ಒಳಗೂ ಅದೇ ಬಣ್ಣ.

ಎರಡೂ ಕಾರು ಬೀದಿಯಿಂದ ಮರೆಯಾದವು. ಜನ ಉಕ್ಕಿನ ಕಾರನ್ನೇ ಬಯಸಿದರು. ಹಾಗಾಗಿ ಉಕ್ಕನ್ನು ಕಾಯುವ ಕೆಲಸವನ್ನು ಕಾರ್ಖಾನೆಗಳು ಗಂಭೀರವಾಗಿ ತೆಗೆದುಕೊಳ್ಳಬೇಕಾಯಿತು.

ಕಾರ್ಖಾನೆಯಲ್ಲೇ ಮುಗಿದ ದೊಡ್ಡ ಕೆಲಸ

ಕುಣಿಗಲ್‌ನಿಂದ ಮಾಗಡಿ ದಾಟಿದರೆ ಬಿಡದಿ. ಟೊಯೋಟಾ ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1997ರಲ್ಲಿ, ಬಿಡದಿ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿ ಮಾರುಕಟ್ಟೆಗೆ ಬಂದದ್ದು 2000ದ ಜನವರಿಯಲ್ಲಿ. ಆಮೇಲೆ 2005ರಲ್ಲಿ ಇನ್ನೋವಾ. ಕಾರು ಕಾರ್ಖಾನೆಗಳು ಬಂದ ಮೇಲೆ ನಮ್ಮ ಕಡೆಯ ಐಟಿಐ ಹುಡುಗರಿಗೆ 'ಪೇಂಟ್ ಶಾಪ್' ಎಂಬ ಮಾತು ಪರಿಚಯವಾಯಿತು. ಬಿಡದಿಯಿರಲಿ, ಬೇರೆ ಕಡೆಯಿರಲಿ, ಇವತ್ತಿನ ಕಾರು ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಆಗುವುದು ಹೆಚ್ಚುಕಡಿಮೆ ಹೀಗೆ.

ಮೊದಲು ವೆಲ್ಡಿಂಗ್ ಮುಗಿದ ಬರೀ ಬಾಡಿಯನ್ನು ತೊಳೆದು ಎಣ್ಣೆ ಜಿಡ್ಡು ತೆಗೆಯುತ್ತಾರೆ. ಆಮೇಲೆ ಫಾಸ್ಫೇಟ್ ಅಥವಾ ಅಂಥದ್ದೇ ದ್ರಾವಣದಲ್ಲಿ ಅದ್ದುತ್ತಾರೆ. ಇದರಿಂದ ಉಕ್ಕಿನ ಮೈ ಸ್ವಲ್ಪ ಒರಟಾಗಿ ಮುಂದಿನ ಪದರ ಗಟ್ಟಿಯಾಗಿ ಹಿಡಿಯುತ್ತದೆ.

ಎರಡನೆಯದು ಇಡಿ ಕೋಟ್. ಇಡೀ ಕಾರನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ. ನೀರಿನಲ್ಲಿರುವ ಪೇಂಟಿನ ಕಣಗಳು ಕರೆಂಟಿಗೆ ಎಳೆದುಕೊಂಡು ಬಂದು ಉಕ್ಕಿಗೆ ಅಂಟುತ್ತವೆ. ಬ್ರಷ್ಷಿಗೂ ಸ್ಪ್ರೇಗೂ ಎಟುಕದ ಬಾಗಿಲ ಒಳಗಿನ ಸಂದಿಗೂ ಇದು ಹೋಗುತ್ತದೆ. ಅಮೆರಿಕದ ಫೋರ್ಡ್ ಕಂಪನಿ 1960ರ ದಶಕದ ಆರಂಭದಲ್ಲಿ ಕಾರಿಗೆ ತಂದ ವಿಧಾನ ಇದು. ಕಾರುಗಳು ಮೊದಲಿನ ಹಾಗೆ ಕೊಳೆಯುವುದು ನಿಂತದ್ದರಲ್ಲಿ ಇದರ ಪಾಲು ದೊಡ್ಡದು. ಆಮೇಲೆ ಒಲೆಯಲ್ಲಿ ಸುಮಾರು 160ರಿಂದ 180 ಡಿಗ್ರಿ ಕಾವಿನಲ್ಲಿ ಬೇಯಿಸುತ್ತಾರೆ.

ಮೂರನೆಯದು ಪ್ರೈಮರ್. ನಾಲ್ಕನೆಯದು ನಮ್ಮ ಕಣ್ಣಿಗೆ ಕಾಣುವ ಬಣ್ಣ, ಬೇಸ್ ಕೋಟ್. ಕೊನೆಯದು ಬಣ್ಣವಿಲ್ಲದ ಗಾಜಿನಂಥ ಕ್ಲಿಯರ್ ಕೋಟ್. 1980ರ ದಶಕದಲ್ಲಿ ಪ್ರಪಂಚದ ಕಾರುಗಳಿಗೆಲ್ಲ ಹರಡಿದ ಪದ್ಧತಿ ಇದು. ಬಿಸಿಲಿಗೆ ಬಣ್ಣ ಮಂಕಾಗದ ಹಾಗೆ ತಡೆಯುವುದು ಈ ಕ್ಲಿಯರ್ ಕೋಟೇ.

ಇಷ್ಟೂ ಪದರ ಸೇರಿದರೆ ದಪ್ಪ ಎಷ್ಟು? ಸುಮಾರು 100 ಮೈಕ್ರಾನ್. ಜೆರಾಕ್ಸ್ ಹಾಳೆ ಒಂದರಷ್ಟು. ಆ ಒಂದು ಹಾಳೆಯ ದಪ್ಪದಲ್ಲಿ ನೂರು ವರ್ಷದ ರಸಾಯನ ಶಾಸ್ತ್ರ ಇದೆ.

ಇಲ್ಲೊಂದು ಮಾತು ಗಮನಿಸಿ. ಊರಿನ ಯಾವ ಗ್ಯಾರೇಜಿನಲ್ಲೂ ಇಡಿ ಕೋಟ್ ಮಾಡಲು ಆಗುವುದಿಲ್ಲ. ಆ ತೊಟ್ಟಿ, ಆ ಒಲೆ ಇರುವುದು ಕಾರ್ಖಾನೆಯಲ್ಲಿ ಮಾತ್ರ. ಹೊಸ ಕಾರಿನ ಅತ್ಯಂತ ದೊಡ್ಡ ರಕ್ಷಣೆ ಶೋರೂಮಿಗೆ ಬರುವ ಮೊದಲೇ, ಕಣ್ಣಿಗೆ ಕಾಣದ ಕಡೆ ಆಗಿಹೋಗಿರುತ್ತದೆ. ಅದರ ದುಡ್ಡು ನೀವು ಕಾರಿನ ಬೆಲೆಯಲ್ಲೇ ಕೊಟ್ಟಿದ್ದೀರಿ.

ಮೇಲಿನ ಮೇಲೆ ಮತ್ತೊಂದು

ಹಾಗಾದರೆ ಶೋರೂಮಿನವರು ಹಾಕುವುದು ಏನು? ಒಂದೊಂದಾಗಿ ನೋಡೋಣ.

ಟೆಫ್ಲಾನ್: ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ವಸ್ತು. ದೋಸೆ ಅಂಟದ ನಾನ್‌ಸ್ಟಿಕ್ ಹೆಂಚಿನಿಂದ ಮನೆಮಾತಾಯಿತು. ಆದರೆ ಹೆಂಚಿಗೆ ಟೆಫ್ಲಾನ್ ಹಿಡಿಯಬೇಕಾದರೆ 327 ಡಿಗ್ರಿಗೂ ಮೀರಿದ ಕಾವು ಬೇಕು. ಅಷ್ಟು ಕಾವು ಕೊಟ್ಟರೆ ಕಾರಿನ ಪೇಂಟೇ ಸುಟ್ಟುಹೋಗುತ್ತದೆ. ಹಾಗಾಗಿ ಕಾರಿಗೆ ಹಚ್ಚುವ 'ಟೆಫ್ಲಾನ್ ಕೋಟಿಂಗ್' ಹೆಂಚಿನ ಟೆಫ್ಲಾನ್ ಅಲ್ಲ, ಅದರ ಕಣಗಳಿರುವ ಪಾಲಿಶ್. ಹೊಳಪು ಕೊಡುತ್ತದೆ, ಕೆಲವು ತಿಂಗಳಲ್ಲಿ ತೊಳೆದುಹೋಗುತ್ತದೆ. ವ್ಯಾಕ್ಸ್ ಮಾಡುವ ಕೆಲಸವೇ, ಹೆಸರು ಮಾತ್ರ ದೊಡ್ಡದು.

ಸೆರಾಮಿಕ್: ಇದರ ಮೂಲ ಸಿಲಿಕಾ, ಅಂದರೆ ಮರಳು ಗಾಜಿನ ವಂಶ. ಇದು ಮೇಣದ ಹಾಗೆ ಬರೀ ಮೇಲೆ ಕೂರುವುದಿಲ್ಲ, ಕ್ಲಿಯರ್ ಕೋಟಿಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಓಟಿನ ಶಾಯಿ ನೆನಪು ಮಾಡಿಕೊಳ್ಳಿ. ಆದ್ದರಿಂದ ಹೆಚ್ಚು ಕಾಲ ನಿಲ್ಲುತ್ತದೆ. ನೀರು ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿಹೋಗುತ್ತದೆ, ಧೂಳು ಕೆಸರು ಬೇಗ ಬಿಡುತ್ತದೆ. ಆದರೆ ಇದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಜಲ್ಲಿ ಕಲ್ಲು ಸಿಡಿದರೆ, ಜಾಲಿ ಮುಳ್ಳು ಎಳೆದರೆ ಇದು ತಡೆಯುವುದಿಲ್ಲ. '9ಎಚ್ ಗಟ್ಟಿ' ಎಂದು ಹೇಳುವುದು ಪೆನ್ಸಿಲಿನ ಅಳತೆ. ಗಟ್ಟಿ ಪೆನ್ಸಿಲಿನಿಂದ ಗೀಚಿದರೂ ಗೀರಾಗಲಿಲ್ಲ ಎಂದರ್ಥ. ಕಲ್ಲಿನಷ್ಟು ಗಟ್ಟಿ ಎಂದಲ್ಲ.

ಪಿಪಿಎಫ್: ಪಾರದರ್ಶಕ ಪಾಲಿಯುರೆಥೇನ್ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಹೆಲಿಕಾಪ್ಟರ್ ರೆಕ್ಕೆಗಳು ಮರಳು ಕಲ್ಲಿನ ಏಟಿಗೆ ಸವೆಯದಿರಲಿ ಎಂದು ಅಂಟಿಸಿದ ಹಾಳೆಯ ಮೊಮ್ಮಗ ಇದು. ದಪ್ಪ 150ರಿಂದ 200 ಮೈಕ್ರಾನ್, ಕಾರಿನ ಎಲ್ಲ ಪೇಂಟ್ ಸೇರಿದ್ದಕ್ಕಿಂತ ಹೆಚ್ಚು. ಕಲ್ಲೇಟು ನಿಜವಾಗಿ ತಡೆಯುವುದು ಇದೊಂದೇ. ಬೆಲೆಯೂ ಹಾಗೇ, ಇಡೀ ಕಾರಿಗೆ ಹಾಕಿಸಿದರೆ ಒಂದು ಸೀಮೆ ಹಸು ಕೊಳ್ಳಬಹುದು.

ಅಂಡರ್‌ಬಾಡಿ ಕೋಟಿಂಗ್: ಟಾರು ಅಥವಾ ರಬ್ಬರಿನ ಜಾತಿಯ ಲೇಪ. ಹರಿಗೋಲಿನ ಉಪಾಯವೇ. ಇದರ ಬೆಲೆ ಗೊತ್ತಾಗುವುದು ಕಾರು ಓಡುವ ಊರಿನ ಮೇಲೆ. ನಮ್ಮ ಮುಂದೆ ಹಾದುಹೋಗುವ 75ನೇ ಹೆದ್ದಾರಿ ಹಿಡಿದು ಹೋದರೆ ಒಂದು ಕಡೆ ಮಂಗಳೂರು ಸೀಮೆ. ಅಲ್ಲಿ ಸಮುದ್ರದ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ. ಅಲ್ಲಿಯವರಿಗೆ ಇದು ಕೆಲಸದ ವಸ್ತು. ಕುಣಿಗಲ್, ಗುಬ್ಬಿಯ ಒಣ ಹವೆಗೆ ಅಷ್ಟೇ ತುರ್ತಿಲ್ಲ. ಹಾಕಿಸುವುದಾದರೆ ಒಂದು ಎಚ್ಚರಿಕೆ: ಬಾಗಿಲಿನ ಕೆಳಗೆ, ನೆಲದ ತಗಡಿನಲ್ಲಿ ನೀರು ಬಸಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವಸರದಲ್ಲಿ ಲೇಪ ಬಳಿದು ಅವನ್ನು ಮುಚ್ಚಿಬಿಟ್ಟರೆ ನೀರು ಒಳಗೇ ನಿಂತು, ತುಕ್ಕು ತಡೆಯಬೇಕಾದ ಲೇಪವೇ ತುಕ್ಕು ತರುತ್ತದೆ.

ಸ್ಪ್ರೇ ಗನ್ ಹಿಡಿದವರ ಎದೆ

ಕೋಟಿಂಗ್ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವ ಅಧ್ಯಾಯ ಒಂದಿದೆ. ಕಾರಿನ ಮೈ ಕಾಯುವ ಪದರಗಳನ್ನು ಹಚ್ಚುವವರ ಮೈ ಕಾಯುವವರು ಯಾರು?

ಹಳೇ ಪೇಂಟುಗಳ ಹಳದಿ, ಕೆಂಪು ಬಣ್ಣದಲ್ಲಿ ಸೀಸ ಇರುತ್ತಿತ್ತು. ಉಪ್ಪುಕಾಗದ ಹಾಕಿ ಉಜ್ಜುವಾಗ ಆ ಧೂಳು ಮೂಗಿಗೆ ಹೋಗುತ್ತಿತ್ತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು, 2017ರ ನವೆಂಬರಿನಿಂದ ಜಾರಿಯಾಯಿತು. ಅದು ಮನೆಯ ಪೇಂಟಿನ ನಿಯಮ, ಗಾಡಿಯ ಪೇಂಟಿನದಲ್ಲ.

ಇನ್ನೊಂದು ಐಸೊಸಯನೇಟ್. ಗ್ಯಾರೇಜಿನಲ್ಲಿ 'ಟು ಕೆ' ಪೇಂಟು, ಕ್ಲಿಯರ್‌ಗೆ ಹಾರ್ಡನರ್ ಬೆರೆಸುತ್ತಾರಲ್ಲ, ಅದರಲ್ಲಿರುವುದು ಇದೇ. 1984ರಲ್ಲಿ ಭೋಪಾಲದಲ್ಲಿ ಸೋರಿದ ವಿಷಾನಿಲವೂ ಈ ಕುಟುಂಬದ್ದೇ. ಪೇಂಟಿನದು ಅದರಷ್ಟು ಬೇಗ ಆವಿಯಾಗುವುದಿಲ್ಲ, ಭೋಪಾಲದ ಹಾಗೆ ಊರನ್ನು ಕೊಲ್ಲುವುದಿಲ್ಲ. ಆದರೆ ಸ್ಪ್ರೇ ಮಾಡಿದಾಗ ಮಂಜಿನಂತೆ ಗಾಳಿಯಲ್ಲಿ ತೇಲುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದ ಪೇಂಟರುಗಳಿಗೆ ಉಬ್ಬಸ ಬರುವುದು ಪ್ರಪಂಚದಾದ್ಯಂತ ಗೊತ್ತಿರುವ ಕಸುಬಿನ ರೋಗ. ಒಮ್ಮೆ ಮೈಗೆ ಅದು ಆಗದಾದರೆ, ಆಮೇಲೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಎಷ್ಟೋ ಮಂದಿ ಕಸುಬನ್ನೇ ಬಿಡಬೇಕಾಗುತ್ತದೆ.

ದೊಡ್ಡ ಕಾರ್ಖಾನೆಯಲ್ಲಿ ಗಾಳಿ ಎಳೆಯುವ ಬೂತ್, ರೋಬೋಟ್, ಮುಖವಾಡ ಇರಬಹುದು. ರಸ್ತೆ ಬದಿಯ ಶೆಡ್ಡಿನಲ್ಲಿ ಮೂಗಿಗೆ ಕಟ್ಟಿದ ಕರವಸ್ತ್ರವೇ ಕಾವಲು. ಕರವಸ್ತ್ರ ಧೂಳನ್ನು ಅಷ್ಟಿಷ್ಟು ತಡೆದೀತು, ಈ ಮಂಜನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ, ಗಾಳಿ ಹೊರಹಾಕುವ ಫ್ಯಾನು ಇರುವ ಬೂತ್ ಬೇಕು. ನಿಮ್ಮ ಮನೆಯ ಹುಡುಗ ಪೇಂಟಿಂಗ್ ಕಲಿಯಲು ತುಮಕೂರಿಗೋ ಪೀಣ್ಯಕ್ಕೋ ಹೊರಟಿದ್ದರೆ ಸಂಬಳದ ಜೊತೆಗೆ ಇದನ್ನೂ ಕೇಳಿ. ಕೇಳುವುದು ತಪ್ಪಲ್ಲ.

ನಮ್ಮ ಊರಿನ ಕಾರಿಗೆ ಶತ್ರು ಯಾರು?

ಲೇಪಕ್ಕಿಂತ ಮೊದಲು ಶತ್ರುವಿನ ಹೆಸರು ಗೊತ್ತಿರಬೇಕು. ನಮ್ಮ ಕಡೆ ಕಾರಿನ ಪೇಂಟಿಗೆ ಕೆಟ್ಟದ್ದು ಮಾಡುವುದು ಇವು.

ಬೋರ್‌ವೆಲ್ ನೀರು: ಗಡಸು ನೀರಿನಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ನೀರು ಆರಿ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಸ್ನಾನದ ಹಂಡೆಯಲ್ಲಿ ಕಟ್ಟುವ ಹಕ್ಕಳೆಯ ತಮ್ಮ ಅದು. ಸೆರಾಮಿಕ್ ಹಾಕಿಸಿದ ಕಾರಿಗೂ ಇದು ತಪ್ಪುವುದಿಲ್ಲ, ಹನಿ ಹನಿಯಾಗಿ ನಿಂತ ನೀರು ಹನಿ ಹನಿಯಾಗೇ ಕಲೆ ಬಿಡುತ್ತದೆ. ಮದ್ದು ಸುಲಭ: ಬೆಳಗ್ಗೆಯೋ ಸಂಜೆಯೋ ನೆರಳಲ್ಲಿ ತೊಳೆದು, ತಕ್ಷಣ ಒಣಬಟ್ಟೆಯಿಂದ ಒರೆಸುವುದು. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಧೂಳು: ಮಣ್ಣು ರಸ್ತೆಯ ಧೂಳನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಕ್ಲಿಯರ್ ಕೋಟಿಗೆ ಉಪ್ಪುಕಾಗದ ಹಾಕಿದಂತೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ.

ಹಕ್ಕಿ ಹಿಕ್ಕೆ, ಮರದ ಅಂಟು: ಹುಣಸೆ ಮರದ ನೆರಳು ತಂಪೇನೋ ಹೌದು. ಆದರೆ ಹಿಕ್ಕೆ ಬಿದ್ದು ಬಿಸಿಲಿಗೆ ಕಾದರೆ ಕ್ಲಿಯರ್ ಕೋಟನ್ನು ತಿನ್ನುತ್ತದೆ. ಅದೇ ದಿನ ನೆನೆಸಿ ತೆಗೆಯಿರಿ. ಪೂಜೆಯ ಅರಿಶಿನ ಕುಂಕುಮವನ್ನೂ ವಾರಗಟ್ಟಲೆ ಬಿಡಬೇಡಿ, ಮನೆಗೆ ಬಂದು ಒಂದೆರಡು ದಿನದಲ್ಲಿ ನೀರಿನಿಂದ ಮೆಲ್ಲಗೆ ತೊಳೆದರೆ ದೇವರೇನೂ ಮುನಿಯುವುದಿಲ್ಲ.

ಕಲ್ಲೇಟು: ಜಲ್ಲಿ ಸಿಡಿದು ಪೇಂಟ್ ಎದ್ದು ಉಕ್ಕು ಕಂಡರೆ ಅಲ್ಲೇ ತುಕ್ಕಿನ ಮೊಳಕೆ. ಟಚ್‌ಅಪ್ ಪೇಂಟಿನ ಸಣ್ಣ ಬಾಟಲಿ ತಂದು ಆ ಚುಕ್ಕೆಯನ್ನಷ್ಟೇ ಮುಚ್ಚಿ. ಚುಕ್ಕೆಗಾಗಿ ಇಡೀ ಬಾಗಿಲು ಉಜ್ಜಿಸಿ ಹೊಸ ಪೇಂಟ್ ಹೊಡೆಸಿದರೆ ಕಾರ್ಖಾನೆಯ ಪದರ ಕಳೆದುಕೊಂಡಂತೆ.

ಇಷ್ಟು ಮಾಡಿ, ನಾಲ್ಕಾರು ತಿಂಗಳಿಗೊಮ್ಮೆ ನಿಮ್ಮ ಕೈಯಾರೆ ವ್ಯಾಕ್ಸ್ ಹಚ್ಚಿದರೆ ಸಾಮಾನ್ಯ ಬಳಕೆಯ ಕಾರಿಗೆ ಸಾಕು. ಹೊಳಪಿನ ಆಸೆ ಇದ್ದು ಕೈಯಲ್ಲಿ ದುಡ್ಡೂ ಇದ್ದವರು ಸೆರಾಮಿಕ್ ಹಾಕಿಸಲಿ, ಅದು ಅವರ ಇಷ್ಟ. ಸಾಲದ ದುಡ್ಡಿನಲ್ಲಿ ಮಾತ್ರ ಬೇಡ. ಯಾಕೆಂದರೆ ಕೋಟಿಂಗಿನ 20,000 ರೂಪಾಯಿಯನ್ನು ಕಾರಿನ ಸಾಲಕ್ಕೆ ಸೇರಿಸಿ, ಶೇ 10ರ ಬಡ್ಡಿಗೆ 5 ವರ್ಷ ಕಟ್ಟಿದರೆ ತಿಂಗಳಿಗೆ ಸುಮಾರು 425 ರೂಪಾಯಿ ಹೆಚ್ಚುತ್ತದೆ. ಒಟ್ಟು ಸುಮಾರು 25,500 ಕಟ್ಟಿರುತ್ತೀರಿ. ಸಾಲ ತೀರುವ ಎಷ್ಟೋ ಮೊದಲೇ ಆ ಕೋಟಿಂಗ್ ಸವೆದಿರಬಹುದು.

"ಕೋಟಿಂಗ್ ಹಾಕಿಸಿದರೆ ಮಾತ್ರ ಗಾಡಿ ಬೇಗ ಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ. ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅದಕ್ಕೂ ಮೊದಲು ಸುಲಭದ ದಾರಿ ಒಂದಿದೆ. ಬಿಲ್ಲಿನಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ಬರೆಸಿ. ಕೋಟಿಂಗ್ ಎಷ್ಟು ವರ್ಷ ಬಾಳುತ್ತದೆ, ಬಾಳದಿದ್ದರೆ ಯಾರು ಹೊಣೆ ಎಂಬುದನ್ನು ಬರಹದಲ್ಲಿ ಕೇಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿದಂತೆಯೇ.

ಕಲಾಯಿ ಹಾಕುವವರು ಪಾತ್ರೆಯ ಒಳಗೆ ಬೆರಳಾಡಿಸಿ, ಹಳೇ ಕಲಾಯಿ ಎಲ್ಲಿ ಸವೆದಿದೆ ಎಂದು ತೋರಿಸಿದ ಮೇಲೆ ಕೂಲಿ ಮಾತಾಡುತ್ತಿದ್ದರು. ಸವೆಯದ ಪಾತ್ರೆಗೆ ಕಲಾಯಿ ಹಾಕಿ ಎಂದು ಯಾರೂ ದುಡ್ಡು ಕೊಡುತ್ತಿರಲಿಲ್ಲ. ಶೋರೂಮಿನ ಎಸಿ ರೂಮಿನಲ್ಲಿ ಕೂತಾಗಲೂ ಆ ಲೆಕ್ಕವೇ ಸರಿ.